ಮಾತು ಬಿಟ್ಟು ಎದೆ ಒತ್ತಿದ್ದು

೯ ಜನವರಿ, ಶುಕ್ರವಾರ. ಬೈಲಹೊಂಗಲ.

ಹೆಂಡತಿ ಸುಚೇತಾಗೆ ಎದೆನೋವು ಬಂದು ಹೋದಾಗಿನಿಂದ ಒಂದೇ ಚಿಂತೆ: ಮತ್ತೆ ಬಂದರೆ ನಾನೇನು ಮಾಡಲಿ? ಅದಕ್ಕೇ ಇವತ್ತು ವಿಶ್ವವಿದ್ಯಾಲಯದವರು ನಮ್ಮ ಕಾಲೇಜಿನಲ್ಲಿ ನಡೆಸಿದ ಜೀವರಕ್ಷಣೆಯ ತರಬೇತಿಗೆ ಮೊದಲು ಹೋಗಿ ಕುಳಿತವನು ನಾನೇ!

ನೆಲದ ಮೇಲೆ ಅಭ್ಯಾಸಕ್ಕೆಂದು ತಂದ ಮನುಷ್ಯಾಕಾರದ ಗೊಂಬೆ ಬಿದ್ದಿತ್ತು. ನಾಟಕ ಕಂಪನಿಯಲ್ಲಿ ಬೆಳೆದ ಜೀವ, ಓಡಿಹೋಗಿ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು "ಹಾ ವಿಧಿಯೇ!" ಎಂದು ಗುಡುಗಿಬಿಟ್ಟೆ. ಎಲ್ಲರೂ ನಕ್ಕರು. ಕಲಿಸಲು ಬಂದ ನರ್ಸ್ ಹಿನಾಕೌಸರ ಮಾತ್ರ ನಗಲಿಲ್ಲ.

"ಸರ, ನಿಮ್ಮ ಡೈಲಾಗ್ ಮುಗಿಯೂದ್ರಾಗ ಮನಷ್ಯಾ ಖರೇನ ಹೋಗಿರ್ತಾನ್ರಿ. ಕೆಳಗ ಮಲಗಸ್ರಿ, ಎದಿ ಒತ್ರಿ."

ಬೆವರಿಳಿಯುವ ತನಕ ಒತ್ತಿದೆ. "ಈಗ ಬರೋಬ್ಬರಿ ಆತ್ರಿ" ಅಂದಳು ಆ ನರ್ಸ್ ಹುಡುಗಿ.

ಮನೆಗೆ ಬಂದು ಹೇಳಿದರೆ ಸುಚೇತಾ, "ನಾ ಬಿದ್ದಾಗಾದ್ರೂ ನೀವು ಬಾಯಿ ಮುಚ್ಚತೀರಂದ್ರ, ಅದನ್ನ ನೋಡಲಿಕ್ಕೇ ಎದ್ದು ಕೂಡತೇನಿ ಬಿಡ್ರಿ!" ಎಂದಳು.

ಈಗ ಮಲಗಿದ್ದಾಳೆ. ನನ್ನ ಅಂಗೈ ನೋಯುತ್ತಿದೆ, ಹಿತವಾಗಿಯೇ. ಇಷ್ಟು ದಿನ ಅವಳ ಉಸಿರು ಆಲಿಸುತ್ತ ಎಚ್ಚರವಿರುತ್ತಿದ್ದೆ. ಇವತ್ತು ನನಗೂ ನಿದ್ದೆ...