ಪಂಚಮಿಗೆ ಮುಂಚೆ ಹಾಕಿದ ಬೀಗ

ಏಪೆಕ್ಸ್, ನಾರ್ತ್ ಕ್ಯಾರೊಲಿನಾ
ಭಾನುವಾರ, ೫ ಆಗಸ್ಟ್ ೨೦೧೮

ಪ್ರೀತಿಯ ಇವರಿಗೆ,

ಹೆಸರು ಬರೆಯಲಿಲ್ಲ ಎಂದು ನಗಬೇಡಿ. ಎದುರಿಗಿದ್ದಾಗ ‘ರೀ’ ಎಂದು ಕರೆದೇ ಇಷ್ಟು ವರ್ಷ ಸಂಸಾರ ಮಾಡಿದವಳು ನಾನು. ಕಾಗದದ ಮೇಲೆ ಸಿದ್ಧಲಿಂಗೇಶ್ ಎಂದು ಬರೆದು ನೋಡಿದೆ, ಬ್ಯಾಂಕಿನವರು ಬರೆದ ಹಾಗೆ ಕಂಡಿತು, ಹರಿದುಹಾಕಿದೆ.

ಎದೆಯುರಿ ಕಡಿಮೆಯಾಯಿತೇ? ಸಂಜೆಯಾದರೆ ಗಿರಮಿಟ್ಟು, ಮಿರ್ಚಿ ಎಂದು ಹೊರಗೆ ಬೀಳುತ್ತೀರಂತೆ, ನಿಮ್ಮ ತಂಗಿಯೇ ಚಾಡಿ ಹೇಳಿದಳು. ತಿನ್ನಿ, ಬೇಡ ಅನ್ನುವುದಿಲ್ಲ, ಆದರೆ ಮೇಲೆ ಒಂದು ಲೋಟ ಮಜ್ಜಿಗೆ ಕುಡಿಯಿರಿ. ಅತ್ತೆಯವರ ಮೊಣಕಾಲಿಗೆ ಹಚ್ಚುವ ಔಷಧಿ ಕಳಿಸಿದ್ದೇನೆ. ಅಮೆರಿಕದ್ದು ಎಂದು ಅದನ್ನು ಕಪಾಟಿನಲ್ಲಿಟ್ಟು ಬಂದವರಿಗೆಲ್ಲ ತೋರಿಸದ ಹಾಗೆ ನೋಡಿಕೊಳ್ಳಿ, ಹಚ್ಚಿದರೇ ನೋವು ಹೋಗುವುದು. ನಾವಿಬ್ಬರೂ ಚೆನ್ನಾಗಿದ್ದೇವೆ. ಯಾಮಿನಿಗೆ ಮುಂದಿನ ಹಲ್ಲುಗಳು ಬಿದ್ದಿವೆ. ಫೋನಿನಲ್ಲಿ ಅವಳು ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುವುದು ಅದಕ್ಕೇ. ‘ಅಪ್ಪ ಬಂದಾಗ ಶೋ ಮಾಡ್ತೀನಿ, ಇಟ್ಸ್ ಎ ಸರ್‌ಪ್ರೈಸ್’ ಎಂದು ಹಟ. ನೀವು ಬರುವ ಮೊದಲೇ ಹೊಸ ಹಲ್ಲು ಮೂಡಿಬಿಟ್ಟರೆ ಏನು ಮಾಡುವುದು ಎಂದು ನನಗೆ ದಿಗಿಲು. ಹಲ್ಲು ಹುಟ್ಟುವುದಕ್ಕೂ ಹೆದರುವ ತಾಯಿಯನ್ನು ಎಲ್ಲಾದರೂ ಕಂಡಿದ್ದೀರಾ?

ದಿನಾ ಫೋನಿನಲ್ಲಿ ಮಾತಾಡುತ್ತೇವಲ್ಲ, ಮತ್ತೆ ಕಾಗದ ಯಾಕೆ ಎನ್ನುತ್ತೀರಿ. ಫೋನಿನಲ್ಲಿ ಯಾವ ಮಾತಾಗುತ್ತದೆ ಹೇಳಿ. ಅಲ್ಲಿ ನಿಮ್ಮ ಸುತ್ತ ಮನೆಮಂದಿಯೆಲ್ಲ ನೆರೆದಿರುತ್ತಾರೆ, ಇಲ್ಲಿ ನನ್ನ ಕುತ್ತಿಗೆಗೆ ಯಾಮಿನಿ ಜೋತುಬಿದ್ದಿರುತ್ತಾಳೆ. ‘ಊಟ ಆತೇನು’ ‘ಆತು’ ಎನ್ನುವುದರೊಳಗೆ ಮಾತು ಮುಗಿಯುತ್ತದೆ. ನಮ್ಮ ಹಿಂದಿನ ರಸ್ತೆಯ ಬಸಲಿಂಗಪ್ಪನ ತಾಯಿ ಮಹಾದೇವಕ್ಕ ಇವತ್ತು ಸಂಜೆ ಧಾರವಾಡಕ್ಕೆ ಹೊರಟಿದ್ದಾರೆ. ಮಗನ ಮನೆಯಲ್ಲಿ ಬೇಸಿಗೆ ಕಳೆದದ್ದು ಸಾಕಾಯಿತಂತೆ. ಔಷಧಿಯ ಜೊತೆ ಈ ಕಾಗದವನ್ನೂ ಅವರ ಚೀಲಕ್ಕೆ ಹಾಕುತ್ತೇನೆ. ನಿಮ್ಮ ಕೈಗೇ ಕೊಡಬೇಕು ಎಂದು ಹೇಳಿದ್ದೇನೆ, ಅವರು ಕೊಟ್ಟೇ ತೀರುವ ಹೆಂಗಸು.

ಚೆನ್ನೈಯ ವೀಸಾ ಆಫೀಸಿನಿಂದ ಏನಾದರೂ ಸುದ್ದಿ ಬಂತೇ ಎಂದು ಕೇಳುವುದಿಲ್ಲ. ಬಂದಿದ್ದರೆ ನೀವು ನಡುರಾತ್ರಿಯಲ್ಲೂ ಎಬ್ಬಿಸಿ ಹೇಳುತ್ತಿದ್ದಿರಿ. ತಂಗಿಯ ಮದುವೆಗೆಂದು ಮಾರ್ಚಿನಲ್ಲಿ ಹೋದವರು, ಹೇಗೂ ಬಂದಿದ್ದೇನೆ, ಪಾಸ್‌ಪೋರ್ಟಿಗೆ ವೀಸಾ ಮುದ್ರೆ ಹಾಕಿಸಿಕೊಂಡು ಬರುತ್ತೇನೆ ಎಂದಿರಿ. ಕಿಟಕಿಯ ಹಿಂದಿನವನು ಒಂದು ಚೀಟಿ ಕೊಟ್ಟು, ಇನ್ನೂ ಪರಿಶೀಲನೆ ಇದೆ, ಮನೆಗೆ ಹೋಗಿ ಎಂದ. ಅವತ್ತಿನಿಂದ ಯಾವಾಗ ಕೇಳಿದರೂ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಒಂದೇ ಉತ್ತರ. ನಿಮ್ಮ ಮ್ಯಾನೇಜರ್ ಈ ವರ್ಷದ ಕೊನೆಯವರೆಗೆ ಕಾಯುತ್ತೇವೆ ಎಂದಿದ್ದಾರೆ, ಅದೊಂದು ಸಮಾಧಾನ. ನೀವು ಹೊರಟ ದಿನ ಅತ್ತೆ ಫೋನ್ ಮಾಡಿ, ‘ಹ್ವಾದವರು ಮುಟ್ಟೂತನಕ ಮನಿ ಕಸಾ ಹೊಡೀಬ್ಯಾಡವಾ’ ಎಂದಿದ್ದರು. ನಾನು ಫೋನಿಟ್ಟು ನಕ್ಕೆ. ನಕ್ಕವಳು ಎರಡು ದಿನ ವ್ಯಾಕ್ಯೂಮ್ ಮುಟ್ಟಲಿಲ್ಲ.

ಈಗ ನಿಮ್ಮ ವೆಬ್‌ಸೈಟಿನ ಪುರಾಣ ಕೇಳಿ. ನಮ್ಮ ಉತ್ತರ ಕರ್ನಾಟಕ ಬಳಗಕ್ಕೆ ನೀವು ಮಾಡಿಕೊಟ್ಟ ಸೈಟು ಇದ್ದಕ್ಕಿದ್ದಂತೆ ಕಳ್ಳನಾಗಿಬಿಟ್ಟಿತು. ಯಾರು ತೆರೆದರೂ ವಿಳಾಸದ ಪಕ್ಕ ‘ನಾಟ್ ಸೆಕ್ಯೂರ್’ ಎಂದು ಬರಲು ಶುರುವಾಯಿತು. ಪಂಚಮಿ ಹಬ್ಬಕ್ಕೆ ಪಾರ್ಕಿನಲ್ಲಿ ಜೋಕಾಲಿ, ಉಂಡಿ, ರೊಟ್ಟಿ ಊಟ ಎಂದು ಎಲ್ಲ ಗೊತ್ತುಮಾಡಿದ್ದಾರೆ, ಹೆಸರು ಕೊಡುವುದು ಸೈಟಿನಲ್ಲಿ. ಸೆಕ್ರೆಟರಿ ಶಶಿಕಾಂತ್ ಅಂಕಲ್ ಬೆಳಗಾದರೆ ಫೋನು: ‘ವಿಜಯಶ್ರೀ, ಜನಾ ರಿಜಿಸ್ಟರ್ ಮಾಡವಲ್ರು. ನಾವೇನು ಅವರ ಕ್ರೆಡಿಟ್ ಕಾರ್ಡ್ ಕದ್ದೇವೇನು?’ ಯಾರೂ ಹಾಗೆ ಅಂದಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಕಮಿಟಿಯವರೆಲ್ಲ ಒಬ್ಬೊಬ್ಬರೇ ನನಗೆ ಫೋನ್ ಮಾಡಿ ತಾವೇನೂ ಮಾಡಿಲ್ಲ ಎಂದರು. ಮಹಾದೇವಕ್ಕನೂ ಬಿಡಲಿಲ್ಲ: ‘ಏ ತಂಗಿ, ನಿಮ್ಮ ಬಳಗದ್ದ ತಗದ್ರ ಕಳ್ಳರ ಮನಿ ಅಂತ ತೋರಸ್ತೈತಲ್ಲ!’

ಆಗ ನಿಮ್ಮನ್ನು ಕೇಳಿದೆ. ಬ್ರೌಸರಿನವರು ಈಗ ಬಿಗಿ ಮಾಡಿದ್ದಾರೆ, ಈ ಸೈಟು ನಿಜವಾಗಿ ಇವರದೇ ಎಂದು ಮೂರನೆಯವರು ಕೊಡುವ ಸರ್ಟಿಫಿಕೇಟು ಹಾಕಬೇಕು, ಹಾಕಿದರೆ ಬೀಗದ ಗುರುತು ಬರುತ್ತದೆ ಎಂದಿರಿ. ಅಲ್ಲಿಯವರೆಗೆ ಸರಿ. ಅದರ ಹಿಂದೆಯೇ ಒಂದೇ ಉಸಿರಿನಲ್ಲಿ, ‘ಎರಡು ವರ್ಷದ್ದ ತಗೊಂಡು ಹಾಕಿಬಿಡು, ಪಾಸ್‌ವರ್ಡ್ ಶಶಿಕಾಂತ್ ಅಂಕಲ್‌ಗೆ ಕೊಟ್ಟುಬಿಡು, ಕಾರು ಯಾರರ ಕೇಳಿದ್ರ ಮಾರಿಬಿಡು’ ಎಂದಿರಿ. ನಾನು ಹೂಂ ಎಂದೆ. ಪಕ್ಕದಲ್ಲಿ ಯಾಮಿನಿ ಇದ್ದಳು, ಇನ್ನೇನು ಅನ್ನಲಿ? ಫೋನಿಟ್ಟ ಮೇಲೆ ಅನ್ನ ಸೀದುಹೋಗುವ ತನಕ ಒಲೆಯ ಮುಂದೆ ನಿಂತಿದ್ದೆ.

ನಿನ್ನೆ ಬೆಳಿಗ್ಗೆ ಯಾಮಿನಿಯನ್ನು ಈಜು ಕ್ಲಾಸಿಗೆ ಬಿಟ್ಟು ಬಂದು ನಿಮ್ಮ ಕುರ್ಚಿಯಲ್ಲಿ ಕೂತೆ. ಬಿ.ಇ. ಮಾಡಿದ್ದು, ಕೆಲಸಕ್ಕೆ ಹೋಗಲು ಬಿಡದ ಈ ಡಿಪೆಂಡೆಂಟ್ ವೀಸಾದಲ್ಲಿ ಬೇಳೆ ಬೇಯಿಸುತ್ತಲೇ ಮರೆತುಹೋಗಿದೆ ಎಂದುಕೊಂಡಿದ್ದೆ, ಅಷ್ಟೇನೂ ಮರೆತಿರಲಿಲ್ಲ. ಆದರೆ ಕಂಟ್ರೋಲ್ ಪ್ಯಾನೆಲ್ ಎಂಬ ಆ ಒಳಮನೆಯ ಬಾಗಿಲಲ್ಲೇ ಕೆಂಪು ಅಕ್ಷರ ಎದುರಾಯಿತು. ಇದು ನಂಬುವಂಥದ್ದಲ್ಲ, ಹಿಂದಕ್ಕೆ ಹೋಗಿ ಎಂದು. ಮುಚ್ಚಿಬಿಡುತ್ತಿದ್ದೆ. ಅಷ್ಟರಲ್ಲಿ ನೀವು ಇದೇ ಪುಟ ತೆರೆಯುತ್ತ ನನಗೆ ಹೇಳುತ್ತಿದ್ದುದು ನೆನಪಾಯಿತು: ‘ಏನೂ ಆಗೂದಿಲ್ಲ, ಅಡ್ವಾನ್ಸ್ಡ್ ಒತ್ತಿ ಮುಂದ ಹೋಗು. ಇದು ನಾನ ಬರಕೊಂಡ ಸರ್ಟಿಫಿಕೇಟು, ನಮ್ಮ ಮನಿ ನಮಗ ಗೊತ್ತಿಲ್ಲೇನು?’ ನಿಮ್ಮ ಧ್ವನಿ ಕಿವಿಯ ಪಕ್ಕದಲ್ಲೇ ಕೇಳಿದ ಹಾಗಾಯಿತು. ಮುಂದೆ ಹೋದೆ.

ಸರ್ಟಿಫಿಕೇಟಿನ ಅರ್ಜಿಯಲ್ಲಿ ಸೈಟಿನ ಹೆಸರು, ಊರು, ರಾಜ್ಯ, ದೇಶ ತುಂಬಬೇಕು. ದೇಶಕ್ಕೆ ಎರಡೇ ಅಕ್ಷರ. ಕೈ ತಾನಾಗಿ ಐ ಎನ್ ಎಂದು ಒತ್ತಿತು. ಊರು ಏಪೆಕ್ಸ್, ದೇಶ ಇಂಡಿಯಾ! ನೋಡಿ ನಗು ಬಂತು. ನಗುತ್ತಾ ನಗುತ್ತಾ ಅಳು ಬಂತು. ಮೂಗು ಒರೆಸಿಕೊಂಡು ಯು ಎಸ್ ಮಾಡಿದೆ. ಆಮೇಲೆ ಸರ್ಟಿಫಿಕೇಟು ಕೊಡುವವರು ಒಂದು ಪುಟ್ಟ ಫೈಲು ಕೊಟ್ಟು, ಇದನ್ನು ನಿಮ್ಮ ಸೈಟಿನೊಳಗೆ ಇಂಥ ಕಡೆ ಇಡಿ, ನಾವು ಹೊರಗಿನಿಂದ ನೋಡುತ್ತೇವೆ, ಒಳಗೆ ಇಡಲು ಬಂದರೆ ಮನೆ ನಿಮ್ಮದೇ ಎಂದರು. ಇಟ್ಟೆ. ಎರಡು ಗುಟುಕು ಚಹಾ ಕುಡಿಯುವುದರೊಳಗೆ ನಂಬಿದರು.

ನನಗೆ ಮೈಯೆಲ್ಲ ಉರಿಯಿತು ನೋಡಿ. ನಿಮ್ಮ ಓಟದ ಶೂ ಇನ್ನೂ ಬಾಗಿಲ ಹಿಂದೆ ಇವೆ. ಕನ್ನಡಕದ ಹಳೆಯ ಡಬ್ಬಿ ಫ್ರಿಜ್ಜಿನ ಮೇಲಿದೆ. ನೀವು ಅರ್ಧ ಓದಿ ಕಿವಿ ಮಡಚಿಟ್ಟ ಪುಸ್ತಕ ಹಾಗೇ ಇದೆ, ನಾನು ಧೂಳು ಒರೆಸಿ ಮತ್ತೆ ಅಲ್ಲೇ ಇಡುತ್ತೇನೆ. ಹಲ್ಲು ತೋರಿಸಲು ಕಾದ ಮಗಳಿದ್ದಾಳೆ. ಇಷ್ಟೆಲ್ಲ ಒಳಗಿಟ್ಟು ಹೋದ ಮನುಷ್ಯ ಈ ಮನೆಯವನೇ ಎಂದು ನಂಬಲು ಆ ಚೆನ್ನೈಯವರಿಗೆ ಇನ್ನೇನು ಬೇಕಂತೆ? ಬಂದು ನೋಡಲಿ, ಚಹಾ ನಾನೇ ಮಾಡಿಕೊಡುತ್ತೇನೆ.

ಇರಲಿ. ಸರ್ಟಿಫಿಕೇಟು ಬಂತು. ಪ್ಯಾನೆಲ್ಲಿನಲ್ಲಿ ಅಂಟಿಸಲು ಮೂರು ಪೆಟ್ಟಿಗೆ: ಒಂದು ಸರ್ಟಿಫಿಕೇಟಿಗೆ, ಒಂದು ಅರ್ಜಿಯ ಜೊತೆ ಹುಟ್ಟಿದ ಗುಟ್ಟಿನ ಕೀಗೆ, ಇನ್ನೊಂದು ಕೆಳಗೆ. ಮೊದಲಿನ ಎರಡು ತುಂಬಿದೆ. ಮೂರನೆಯದು ಬೇಕಾದರೆ ತುಂಬಿ ಎಂಬ ಹಾಗಿತ್ತು, ಬಿಟ್ಟೆ. ನಮ್ಮ ಲ್ಯಾಪ್‌ಟಾಪಿನಲ್ಲಿ ಬೀಗ ಬಂತು! ಒಬ್ಬಳೇ ಚಪ್ಪಾಳೆ ತಟ್ಟಿದೆ. ಶಶಿಕಾಂತ್ ಅಂಕಲ್‌ಗೆ ಜಂಬದಿಂದ ಫೋನ್ ಮಾಡಿದರೆ, ‘ಇಲ್ಲವಾ, ನನ್ನ ಫೋನಿನ್ಯಾಗ ಈಗ ಪೂರಾ ಕೆಂಪ ಬರಾಕ್ಹತ್ತೈತಿ’ ಎನ್ನಬೇಕೇ? ಮಹಾದೇವಕ್ಕನ ಮನೆಗೆ ಓಡಿದೆ, ಅವರ ಫೋನಿನಲ್ಲೂ ಕೆಂಪು. ಆಮೇಲೆ ಹುಡುಕಿ ಓದಿದಾಗ ತಿಳಿಯಿತು. ಸರ್ಟಿಫಿಕೇಟು ಕೊಟ್ಟವರು ಫೋನಿಗೆ ನೇರವಾಗಿ ಗೊತ್ತಿರುವುದಿಲ್ಲ. ಫೋನಿಗೆ ಗೊತ್ತಿರುವ ದೊಡ್ಡವರಿಗೂ ಇವರಿಗೂ ನಡುವೆ ಒಬ್ಬರು ಇರುತ್ತಾರೆ, ಅವರ ಮಾತು ಆ ಮೂರನೆಯ ಪೆಟ್ಟಿಗೆಯಲ್ಲಿ ಹೋಗಬೇಕು. ಲ್ಯಾಪ್‌ಟಾಪಿಗೆ ಆ ನಡುವಿನವರ ಪರಿಚಯ ಮೊದಲೇ ಎಲ್ಲೋ ಆಗಿತ್ತು, ಅದಕ್ಕೇ ಸುಮ್ಮನಿತ್ತು.

ನನಗೆ ಆಗ ನೆನಪಾದವಳು ಗದಗಿನ ಬಸವ್ವತ್ತಿ. ನಿಮ್ಮ ಮನೆ ನಮ್ಮಪ್ಪನಿಗೆ ಗೊತ್ತಿರಲಿಲ್ಲ, ನಮ್ಮ ಮನೆ ನಿಮ್ಮವರಿಗೆ ಗೊತ್ತಿರಲಿಲ್ಲ. ಆಕೆ ನಡುವೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ, ‘ಹುಡುಗ ಛಲೋ ಅದಾನ, ನಾ ಹೇಳ್ತೇನಿ’ ಎಂದಳು, ಅಪ್ಪ ಹೂಂ ಎಂದರು. ಆ ಒಂದು ಮಾತಿಲ್ಲದಿದ್ದರೆ ನಾನು ಇವತ್ತು ಯಾರಿಗೆ ಕಾಗದ ಬರೆಯುತ್ತಿದ್ದೆನೋ. ಮೂರನೆಯ ಪೆಟ್ಟಿಗೆ ತುಂಬಿದೆ, ಎಲ್ಲರ ಫೋನಿನಲ್ಲೂ ಬೀಗ ಬಂತು. ಸಂಜೆಯೊಳಗೆ ಜನ ಹೆಸರು ಕೊಡಲು ಶುರುಮಾಡಿದರು. ರೇಣುಕಾದೇವಿ ಆಂಟಿ ರೊಟ್ಟಿ ಸಾಲುವುದಿಲ್ಲ ಎಂದು ಈಗಲೇ ಕೂಗಾಡುತ್ತಿದ್ದಾರೆ. ‘ಸಿದ್ಧಲಿಂಗೇಶ್ ಇಲ್ಲಾಂದ್ರೂ ಕೆಲಸ ನಡೀತು ನೋಡು’ ಎಂದರು ಶಶಿಕಾಂತ್ ಅಂಕಲ್, ಮೆಚ್ಚಿಕೊಂಡೇ ಅಂದದ್ದು. ನಡೆಯುತ್ತದೆ, ಎಲ್ಲ ನಡೆಯುತ್ತದೆ. ಹುಲ್ಲು ಕತ್ತರಿಸುತ್ತೇನೆ, ಕಸದ ಡಬ್ಬಿ ರಸ್ತೆಗೆ ಎಳೆಯುತ್ತೇನೆ, ಕಾರಿನ ಆಯಿಲ್ ಚೇಂಜ್ ಮಾಡಿಸುತ್ತೇನೆ. ಆದರೆ ನೀವಿಲ್ಲದೆ ನಡೆಯುವುದು ನನಗೆ ಬೇಕಾಗಿಲ್ಲ ರೀ.

ಶೇಂಗಾ ಉಂಡಿ ಕಟ್ಟಿದ್ದೇನೆ, ಸ್ವಲ್ಪ ಕಳಿಸಿದ್ದೇನೆ. ಬೆಲ್ಲ ಇಲ್ಲಿಯದು, ಪಾಕ ತುಸು ಗಟ್ಟಿಯಾಗಿದೆ, ಅತ್ತೆಗೆ ಪುಡಿ ಮಾಡಿಕೊಡಿ. ಅತ್ತೆ ಮಾವನವರ ಪಾದಕ್ಕೆ ನನ್ನ ಮತ್ತು ಯಾಮಿನಿಯ ಶರಣು. ನಿಮ್ಮ ತಂಗಿಗೂ ಹೊಸ ಅಳಿಯಂದಿರಿಗೂ ಪಂಚಮಿಯ ಹಾರೈಕೆ. ಮೈ ಕಡೆ ನೋಡಿಕೊಳ್ಳಿ, ಮನಸ್ಸಿನ ಕಡೆಯೂ ನೋಡಿಕೊಳ್ಳಿ.

ನಿಮ್ಮ ದಾರಿಯನ್ನೇ ನೋಡುತ್ತಿರುವ,
ವಿಜಯಶ್ರೀ

ತಾ.ಕ.: ಬಸಲಿಂಗಪ್ಪ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಮಹಾದೇವಕ್ಕ ಕಾರಿನಲ್ಲಿ ಕೂತಾಗಿದೆ. ಹೇಳಬೇಕಾದದ್ದೇ ಉಳಿಯಿತು. ಎರಡು ವರ್ಷದ್ದು ನಾನು ತೆಗೆದುಕೊಳ್ಳಲಿಲ್ಲ. ಪುಕ್ಕಟೆ ಸಿಗುವ ಮೂರು ತಿಂಗಳದ್ದು ಹಾಕಿದ್ದೇನೆ. ಅಂಕಲ್‌ಗೆ ಗೊತ್ತಿಲ್ಲ, ಬೀಗ ಕಂಡಿತಲ್ಲ, ಖುಷಿಯಾಗಿದ್ದಾರೆ. ಪಾಸ್‌ವರ್ಡೂ ಕೊಟ್ಟಿಲ್ಲ. ಎರಡು ವರ್ಷ ಎಂಬ ಮಾತು ನಿಮ್ಮ ಬಾಯಿಂದ ಹೇಗೆ ಬಂತು? ನೀವೇ ಕೈಬಿಟ್ಟರೆ ನಾನು ಯಾರನ್ನು ನಂಬಿ ಕಾಯಲಿ? ನವೆಂಬರ್ ಎರಡಕ್ಕೆ ಇದರ ಅವಧಿ ಮುಗಿಯುತ್ತದೆ, ದೀಪಾವಳಿಯ ನೀರು ತುಂಬುವುದಕ್ಕೆ ಮುಂಚೆ. ಅವತ್ತು ಎಲ್ಲರ ಫೋನಿನಲ್ಲೂ ಮತ್ತೆ ಕೆಂಪು ಬರುತ್ತದೆ, ಎಲ್ಲರೂ ನನ್ನನ್ನು ಬೈಯುತ್ತಾರೆ. ಬೈಯಲಿ. ಹೇಗೆ ಹಾಕುವುದೆಂದು ಮರೆತಿದ್ದೇನೆ ಎಂದುಬಿಡುತ್ತೇನೆ. ಮುಂದಿನದನ್ನು ನೀವೇ ಬಂದು ಹಾಕಬೇಕು. ಕಾರು ಮಾರುವುದಿಲ್ಲ, ನಿಮ್ಮನ್ನು ಕರೆತರಲು ಏರ್‌ಪೋರ್ಟಿಗೆ ಬೇಕಾಗುತ್ತದೆ.