ಹಾಲ್‌ನ ನಡುವಿನ ಗಣಿ

ಮನೆಯಿಂದ
ಹನ್ನೆರಡನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಭೂಗೋಳದವಳೇ,

ಹೇಗಿದ್ದೀಯ? ಗಂಟಲು ಸರಿಹೋಯಿತೇ? ದಿನವಿಡೀ ಮೈಕಿನ ಮುಂದೆ ಪಾಠ ಹೇಳಿ ಸ್ವರ ಕೂತುಹೋಗಿದೆ ಎಂದು ನೀನೇ ಬರೆದಿದ್ದೆ. ಸ್ವರ ಕೂತರೆ ಕೂರಲಿ, ಅದರ ಜೊತೆ ನೀನೂ ಸ್ವಲ್ಪ ಹೊತ್ತು ಕೂರು. ಶಾಲೆಗಳಿಗೆಲ್ಲ ಪಾಠ ತಯಾರಿಸಲು ಆ ಕಂಪನಿಯವರು ನಿನ್ನನ್ನು ಒಂದು ವರ್ಷಕ್ಕೆ ಎರವಲು ಒಯ್ದದ್ದೇನೋ ಸರಿ, ಹೆಂಡತಿಯನ್ನು ಕೊಟ್ಟವನಿಗೆ ಒಂದು ರಸೀದಿಯನ್ನಾದರೂ ಕೊಡಬೇಡವೇ? ಇಲ್ಲಿ ಅಪ್ಪ ಮಗಳು ಆರೋಗ್ಯವಾಗಿದ್ದೇವೆ. ನನ್ನ ಅಡುಗೆಗೆ ಅವಳು ಸೊನ್ನೆ ಸುತ್ತಿದ್ದಾಳೆ. ಸೊನ್ನೆಯ ಬೆಲೆ ಗೊತ್ತಿರುವವನು ನಾನು, ಬೇಜಾರು ಮಾಡಿಕೊಳ್ಳಲಿಲ್ಲ.

ಹೋಗುವ ಮುಂಚೆ ನೀನು ಮಾಡಿಟ್ಟ ಗಣಿಯ ಪಾಠ ನಮ್ಮವಳ ಒಂಬತ್ತನೇ ತರಗತಿಗೆ ಶುರುವಾಗಿದೆ. ಬೆಂಚುಗಳನ್ನೆಲ್ಲ ಹೊರಗೆ ಹಾಕಿದ ಖಾಲಿ ಹಾಲ್‌ನಲ್ಲಿ ಮಕ್ಕಳು ವಿಆರ್ ಕನ್ನಡಕ ಏರಿಸಿಕೊಂಡು ಓಡಾಡುತ್ತಾರೆ. ಕನ್ನಡಕ ಎನ್ನುವುದು ಹೆಸರಿಗಷ್ಟೆ, ಹಾಕಿಕೊಂಡರೆ ಅರ್ಧ ಮುಖವೇ ಮಾಯ. ಅವರಿಗೆ ನಡುವೆ ದುಂಡಗೆ ಗಣಿಯ ಬಾಯಿ ಕಾಣುತ್ತದೆ, ಸುತ್ತ ಬಂಡೆಯ ಪದರಗಳು, ಕಿವಿಯಲ್ಲಿ ನಿನ್ನ ದನಿ: "ಅಂಚಿಗೆ ಹೋಗಬೇಡಿ ಮಕ್ಕಳೇ, ದೂರದಿಂದ ನೋಡಿ." ಕಾವಲಿಗೆ ನಿಂತ ನನಗೆ ಕಾಣುವುದು ಬರೀ ಸಿಮೆಂಟಿನ ನೆಲ, ಅದರತ್ತ ಬಗ್ಗಿ ಬಾಯಿ ತೆರೆದು ನಿಂತ ಒಂದು ತರಗತಿ. ನನ್ನ ಗಣಿತಕ್ಕೆ ಆಕಳಿಸುವ ಬಾಯಿಗಳೇ ನಿನ್ನ ಗಣಿಗೆ ತೆರೆದುಕೊಂಡಿವೆ. ಒಂದು ತಕಾರ ಹೆಚ್ಚಾದದ್ದೇ ನನ್ನ ತಪ್ಪು ಎಂದು ಸ್ಟಾಫ್ ರೂಮಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ.

ಆಮೇಲೆ ಒಂದು ದಿನ, ಹೊರಗೆ ಕೆಸರೆಂದು ಪಿ.ಟಿ. ಮೇಷ್ಟ್ರು ಅದೇ ಮಕ್ಕಳನ್ನು ಅದೇ ಹಾಲ್‌ನಲ್ಲಿ ಓಡಿಸಿದರು. ಕನ್ನಡಕಗಳು ಬೀರುವಿನೊಳಗೆ ಬೀಗದಲ್ಲಿದ್ದವು. ಈ ಮೂಲೆಯಿಂದ ಆ ಮೂಲೆಗೆ ನೇರ ಓಡಿ ಎಂದರೆ, ಒಬ್ಬರಾದರೂ ನೇರ ಓಡಲಿಲ್ಲ. ನಡುವಿನ ಜಾಗವನ್ನು ಸುತ್ತುಹಾಕಿಯೇ ಹೋದರು. "ಏನ್ರೋ, ಅಲ್ಲಿ ನಿಮ್ಮಜ್ಜಿ ಮಲಗಿದ್ದಾಳಾ?" ಎಂದು ಮೇಷ್ಟ್ರು ರೇಗಿದರೆ, ಒಬ್ಬ ಹುಡುಗಿ ತಲೆ ತಗ್ಗಿಸಿ, "ಅಲ್ಲೇನಿಲ್ಲ ಅಂತ ಗೊತ್ತು ಸಾರ್, ಆದ್ರೂ ಕಾಲು ಬರಲ್ಲ" ಎಂದಳಂತೆ. ಅಭ್ಯಾಸಬಲ ಎಂದುಕೊಂಡೆ. ಗೋಡೆಯಿಂದ ಗಡಿಯಾರ ತೆಗೆದು ವರ್ಷವಾದರೂ ನಾನು ಆ ಮೊಳೆಯನ್ನೇ ನೋಡಿ ಗಂಟೆ ಹೇಳುವವನಲ್ಲವೇ.

ಆದರೆ ಆಯಾಗೆ ಯಾವ ಅಭ್ಯಾಸ? ಅವಳು ಆ ಕನ್ನಡಕವನ್ನು ಕೈಯಲ್ಲೂ ಮುಟ್ಟಿದವಳಲ್ಲ. ಪೊರಕೆ ಹಿಡಿದು ಅವಳೂ ನಡುವನ್ನು ಸುತ್ತಿಯೇ ಗುಡಿಸುತ್ತಾಳೆ. ಅಷ್ಟು ಜಾಗ ಮಾತ್ರ ಯಾಕಮ್ಮಾ ಬಿಟ್ಟೆ ಎಂದು ಕೇಳಿದೆ. "ಅಲ್ಲಿ ಗುಡಿಸೋದೇನಿದೆ ಸಾರ್? ಅಲ್ಲಿ ಕಸ ನಿಲ್ಲಲ್ಲ" ಎಂದಳು, ನಲ್ಲಿಯಲ್ಲಿ ನೀರಿಲ್ಲ ಎನ್ನುವಷ್ಟು ಸಲೀಸಾಗಿ.

ಮೊನ್ನೆ ಶಾಲೆ ಬಿಟ್ಟ ಮೇಲೆ, ಈ ಪ್ರಮೇಯವನ್ನು ಸಾಧಿಸಿಯೇ ಬಿಡೋಣ ಎಂದು ನಾನೇ ಅಡ್ಡ ಹಾಯಲು ಹೊರಟೆ. ಎತ್ತಿದ ಕಾಲನ್ನು ಇಡಲಾಗಲಿಲ್ಲ. ಕೊಕ್ಕರೆಯ ಹಾಗೆ ನಿಂತಿದ್ದೆ, ನೀನಿದ್ದರೆ ಜನ್ಮವಿಡೀ ಹೇಳಿಕೊಂಡು ನಗುತ್ತಿದ್ದೆ. ಪ್ಯಾಂಟಿನ ಅಂಚಿಗೆ ಕೆಳಗಿನಿಂದ ತಣ್ಣನೆ ಗಾಳಿ ತಾಗಿತು. ಕಿಟಕಿ ನೋಡಿದೆ, ಮುಚ್ಚಿತ್ತು.

ಮಗಳು ಮಾತ್ರ ಈ ಪಾಠವೆಂದರೆ ಪ್ರಾಣ ಬಿಡುತ್ತಾಳೆ. ಎಲ್ಲರೂ ಕನ್ನಡಕ ಕಳಚಿದರೂ ಅವಳು ಕಳಚುವುದಿಲ್ಲ. ನಿನಗೆ ಹೇಳಬಾರದಿತ್ತು, ಆದರೂ ಹೇಳುತ್ತೇನೆ: "ಫೋನಲ್ಲಾದ್ರೆ ಅಮ್ಮಂಗೆ ಯಾವಾಗ್ಲೂ ಅವಸರ. ಇಲ್ಲಿ ಪೂರ್ತಿ ಮಾತಾಡ್ತಾಳೆ" ಎನ್ನುತ್ತಾಳೆ.

ಬಿಸಿನೀರು ಕುಡಿ, ಗಂಟಲಿಗೆ ಬಟ್ಟೆ ಸುತ್ತಿಕೊಂಡು ಮಲಗು. ನಿನ್ನ ಕೆಲಸಕ್ಕೆಲ್ಲ ಒಳ್ಳೆಯದಾಗಲಿ.

ನಿನ್ನವನೇ ಆದ
ಲೆಕ್ಕದ ಮೇಷ್ಟ್ರು

ತಾ.ಕ.: ಫೋನ್ ಮಾಡಿದರೆ ಅವಳು ಪಕ್ಕದಲ್ಲೇ ಇರುತ್ತಾಳೆ, ಅದಕ್ಕೇ ಪತ್ರ. ನಾಳೆಯಲ್ಲ, ಇಪ್ಪತ್ತನೇ ತಾರೀಖಿನ ಸೋಮವಾರ ಪಾಠದ ಎರಡನೇ ಭಾಗ, ಗಣಿಯೊಳಗೆ ಇಳಿಯುವುದು. ಅದರಲ್ಲಿ ನೀನು ತಳದಿಂದ ಮಕ್ಕಳನ್ನು ಕರೆಯುತ್ತೀಯಲ್ಲ, ಆ ಭಾಗವನ್ನು ಯಾರಿಗೂ ಇನ್ನೂ ತೋರಿಸಿಲ್ಲ. ಆದರೂ ಮಗಳು, "ಅಮ್ಮ ಕೆಳಗಿಂದ ಕರೀತಿದಾಳೆ ಅಪ್ಪಾ, ಕನ್ನಡಕ ಇಲ್ದೇನೂ ಕೇಳುತ್ತೆ" ಎನ್ನುತ್ತಾಳೆ. ಬರೀ ನೆಲ ಕಣೇ ಎಂದು ತೋರಿಸಲು ನಿನ್ನೆ ಹಾಲ್‌ಗೆ ಕರೆದೊಯ್ದು, ಜೇಬಿನಲ್ಲಿದ್ದ ಚಾಕ್‌ಪೀಸನ್ನು ನಡುವಿಗೆ ಎಸೆದೆ. ಬಿದ್ದ ಸದ್ದು ಬರಲಿಲ್ಲ. "ಆಳ ಇದೆ, ಸ್ವಲ್ಪ ತಡಿ" ಎಂದು ಅವಳೇ ನನಗೆ ಸಮಾಧಾನ ಹೇಳಿದಳು. ಪಾಠ ನಿಲ್ಲಿಸಿ ಎಂದರೆ ಹೆಡ್ ಮೇಷ್ಟ್ರು, "ನಿಮ್ಮ ಮನೆಯವರದ್ದೇ ದನಿ, ಭಯ ಯಾಕ್ರೀ?" ಎನ್ನುತ್ತಾರೆ. ಸೋಮವಾರಕ್ಕೆ ಮುಂಚೆ ಹೊರಟು ಬಾ. ಕೆಳಗಿರುವವಳು ನೀನಲ್ಲ ಎಂದು ಅವಳಿಗೆ ನೀನೇ ಹೇಳಬೇಕು. ನಾನು ಹೇಳಲಾರೆ. ನಿನ್ನೆ ನನಗೂ ಕೇಳಿಸಿತು.