ಸೆರಗಿನ ಹಸಿರು ಕಲೆ

ಅಮ್ಮಾ,

ನೀನು ಸಿಡ್ನಿಗೆ ಬಂದಿಳಿದ ಮರುದಿನವೇ ನನ್ನ ಮನೆಯ ಲೋಟಗಳನ್ನೆಲ್ಲ ಇನ್ನೊಮ್ಮೆ ತೊಳೆದಿಟ್ಟದ್ದು ನೆನಪಿದೆಯಾ? ಹೆತ್ತ ಮಗಳ ಲೋಟವನ್ನೂ ನೀನು ನಂಬಲಿಲ್ಲ. ಉಡುಪಿಯಲ್ಲಿ ನಾವು ಚಿಕ್ಕವರಿದ್ದಾಗ ಲೋಟ ಕಚ್ಚಿ ಕುಡಿದರೆ ತಲೆಗೊಂದು ಮೊಟಕುತ್ತಿದ್ದೆ. ಸಿಡ್ನಿಯ ಪ್ಯಾರಮಟ್ಟಾದ ನನ್ನ ಫ್ಲ್ಯಾಟಿನಲ್ಲೂ ನೀನು ಎತ್ತಿಯೇ ನೀರು ಕುಡಿದೆ. ಇಲ್ಲಿ ಯಾರು ನೋಡುತ್ತಾರೆ ಎಂದು ನಾನು ರೇಗಿಸಿದರೆ, ಎಂಜಲು ಯಾವ ದೇಶದಲ್ಲಿದ್ದರೂ ಎಂಜಲೇ ಎನ್ನುವುದು ನಿನ್ನ ಉತ್ತರ.

ಬಂದ ವಾರದಲ್ಲೇ ಒಂದು ಸಂಜೆ, ನಾನು ಕೆಲಸದಿಂದ ಬಂದಾಗ ನಿನ್ನ ಸೆರಗಿನ ತುದಿಯಲ್ಲಿ ಹಸಿರು ಕಲೆ ಕಂಡಿತು. ಕೇಳಿದ್ದಕ್ಕೆ ನೀನು, "ಕೊತ್ತಂಬರಿ ಚಟ್ನಿ ತಾಗಿತು ಮಾರಾಯ್ತಿ" ಎಂದೆ. ಫ್ರಿಜ್ಜಿನಲ್ಲಿ ನಾಲ್ಕು ದಿನದಿಂದ ಕೊತ್ತಂಬರಿಯೇ ಇರಲಿಲ್ಲ. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು ಇಷ್ಟು ಸಲೀಸಾಗಿ ಹೇಳಬೇಕಾದರೆ... ಮರುದಿನವೂ ಕಲೆ. ಜೊತೆಗೆ ನಿನ್ನ ಬಾಯಿಂದ ಒಣಹುಲ್ಲಿನಂಥ ಒಂದು ಕಹಿ ವಾಸನೆ.

ಲಿಫ್ಟ್‌ನಲ್ಲಿ ಗ್ರಸಿಯೆಲಾ ಎದುರಾದ ದಿನ ಆ ವಾಸನೆ ಎಲ್ಲಿಯದೆಂದು ತಿಳಿಯಿತು. ಕೆಳಗಿನ ಫ್ಲ್ಯಾಟಿನ, ಉರುಗ್ವೆ ದೇಶದ ಆ ಹೆಂಗಸು ಕಂಕುಳಲ್ಲಿ ಥರ್ಮಾಸ್ ಅವುಚಿಕೊಂಡು, ಕೈಯಲ್ಲಿ ಪುಟ್ಟ ಸೋರೆ ಬುರುಡೆ ಹಿಡಿದಿದ್ದಳು. ಬುರುಡೆಯಲ್ಲಿ ಹಸಿರು ಪುಡಿ, ಅದರೊಳಗೊಂದು ಲೋಹದ ಕೊಳವೆ. ಭಾನುವಾರ ಅವಳ ಮನೆಗೆ ಬರುವ ಅವರ ದೇಶದವರ ಕಂಕುಳಲ್ಲೂ ಥರ್ಮಾಸ್. ಬಾಲ್ಕನಿಯಲ್ಲಿ ಸುತ್ತ ಕೂತು ಎಲ್ಲರೂ ಒಂದೇ ಕೊಳವೆಯಲ್ಲಿ ಹೀರುವುದನ್ನು ಮೇಲಿನಿಂದ ಬಗ್ಗಿ ನೋಡಿದ್ದೆ. ಗಾಂಜಾ ಅಲ್ಲದೆ ಇನ್ನೇನು? ಇಂಗ್ಲಿಷ್ ಬಾರದ ನನ್ನ ಅಮ್ಮನಿಂದ ಅವಳಿಗೆ ಆಗಬೇಕಾದದ್ದೇನು? ಮನೆಯ ಕೀಲಿ ಬೇರೆ ನಿನ್ನ ಹತ್ತಿರವೇ ಇತ್ತು.

ಕೆಳಗಿನ ಮನೆಗೆ ಇನ್ನು ಹೋಗಬೇಡ ಎಂದು ನಾನು ಕಟ್ಟಪ್ಪಣೆ ಮಾಡಿದಾಗ ನೀನು "ಆಯ್ತು" ಎಂದೆ, ಅಷ್ಟೇ. ಆಮೇಲೆ ಕಲೆ ಬೀಳಲಿಲ್ಲ. ಪೊಲೀಸರ ಹಾಗೆ ದಿನಾ ನಿನ್ನ ಸೆರಗು ನೋಡುತ್ತಿದ್ದೆ. ನನ್ನ ಮಾತು ನಡೆಯಿತೆಂದು ಎಷ್ಟು ಬೀಗಿದ್ದೆ ಗೊತ್ತಾ? ನೀನು ಇದ್ದಕ್ಕಿದ್ದಂತೆ ಏಲಕ್ಕಿ ಜಗಿಯಲು ಶುರು ಮಾಡಿದ್ದನ್ನು ಮಾತ್ರ ನಾನು ಅನುಮಾನಿಸಲಿಲ್ಲ. ಮೂರು ತಿಂಗಳಾದ ಮೇಲೆ ನೀನು ಊರಿಗೆ ಮರಳಿದೆ. ವರ್ಷ ತುಂಬುವುದರೊಳಗೆ...

ಮೊನ್ನೆ ಶನಿವಾರ ನಮ್ಮ ಹೊಸ ಮನೆಯ ಬಾಗಿಲು ತಟ್ಟಿದ್ದು ಅದೇ ಗ್ರಸಿಯೆಲಾ. ನಾವೀಗ ಮೆಲ್ಬರ್ನಿನ ಕ್ರೇಗಿಬರ್ನ್‌ನಲ್ಲಿದ್ದೇವೆ. ಅವರು ಪಕ್ಕದ ಸಬರ್ಬಿನ ಮಗಳ ಮನೆಗೆ ಬಂದವರು, ಸಿಡ್ನಿಯ ಪರಿಚಯದವರಿಂದ ವಿಳಾಸ ಪಡೆದಿದ್ದರು. ನೀನಿಲ್ಲವೆಂದು ಕೇಳಿ ಬಹಳ ಹೊತ್ತು ನನ್ನ ಕೈ ಹಿಡಿದು ಕೂತರು. ಥರ್ಮಾಸ್, ಬುರುಡೆ ಇಲ್ಲಿಗೂ ತಂದಿದ್ದರು. ಬುರುಡೆಯಲ್ಲಿರುವುದು ಅವರ ದೇಶದ ಸೊಪ್ಪಿನ ಚಹಾವಂತೆ. ಮನೆಯವರು, ನೆಂಟರು ಒಂದೇ ಕೊಳವೆಯಲ್ಲಿ ಕುಡಿಯುವುದು ಅವರ ಪದ್ಧತಿಯಂತೆ. ನೀನು ಹೊರಡುವ ಹಿಂದಿನ ದಿನದವರೆಗೂ ತಪ್ಪದೆ ಅವರ ಮನೆಗೆ ಹೋಗುತ್ತಿದ್ದೆಯಂತೆ. ಆಮೇಲೆ ತಮ್ಮ ಹರಕು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು: "ಮೊದಲ ಎರಡು ವಾರ ನಾನು ಕುಡಿದು ಕೊಟ್ಟ ಮೇಲೆ ನಿಮ್ಮಮ್ಮ ಸೆರಗಿನಿಂದ ಕೊಳವೆ ಒರೆಸುತ್ತಿದ್ದರು. ಆಮೇಲೆ ಒರೆಸುವುದನ್ನು ಬಿಟ್ಟರು."

ಹೊಟ್ಟೆ ಉರಿಯಿತು ಅಮ್ಮಾ. ಎಂಜಲನ್ನೇ ಮರೆಯುವಷ್ಟು ಏನು ಮಾತಾಡಿದಿರಿ? ಅವರು ಅವರ ಭಾಷೆ, ನೀನು ನಿನ್ನದು. ಒಂದು ದಿನ ನೀನು ತುಂಬ ಅತ್ತೆಯಂತೆ. ಯಾಕೆಂದು ಅವರಿಗೆ ಅರ್ಥವಾಗಲಿಲ್ಲ. ಸಂಜೆ ಏಳಕ್ಕೆ ಬಂದು, ತಟ್ಟೆ ಹಿಡಿದು ಟಿವಿ ಎದುರು ಕೂರುತ್ತಿದ್ದ ನನ್ನ ಬಗ್ಗೆಯಾ? ನಿನ್ನ ಸೆರಗು ನೋಡಿದೆ, ಮುಖ ನೋಡಲಿಲ್ಲ.

ಗ್ರಸಿಯೆಲಾ ತಮ್ಮ ಸರದಿ ಕುಡಿದು ಮುಗಿಸಿ, ಮತ್ತೆ ಬಿಸಿನೀರು ಹೊಯ್ದು ಬುರುಡೆಯನ್ನು ನನ್ನ ಕೈಗಿಟ್ಟರು. ನಾನು ದುಪಟ್ಟಾದ ತುದಿಯಿಂದ ಕೊಳವೆ ಒರೆಸಿಯೇ ಕುಡಿದೆ. ಅವರು ಅದನ್ನು ನೋಡಿ, ಮುಂದಿನ ಸರದಿಗೆ ಥರ್ಮಾಸ್ ಕೈಗೆತ್ತಿಕೊಂಡರು. ಇನ್ನೊಂದು ತಿಂಗಳು ಇಲ್ಲೇ ಇರುತ್ತಾರಂತೆ, ನಾಳೆ ಮತ್ತೆ ಬರುತ್ತಾರೆ. ನಿನಗೆ ಎರಡು ವಾರ ಹಿಡಿಯಿತಲ್ಲ, ನನಗೂ ಅಷ್ಟು ಟೈಮ್ ಕೊಡು.